ಹೊಲದಂಚಿನ ಪುಷ್ಪಕ

ಪುಷ್ಪಕ ವಿಮಾನದ ಕಥೆಯನ್ನು ಕೇಳದವರು ನಮ್ಮ ನಾಡಿನಲ್ಲಿ ಇಲ್ಲ. ಕುಬೇರನದಾಗಿದ್ದ ಅದನ್ನು ರಾವಣ ಕಿತ್ತುಕೊಂಡ. ರಾವಣ ಮಡಿದ ಮೇಲೆ ರಾಮ ಅದರಲ್ಲಿ ಕುಳಿತು ಅಯೋಧ್ಯೆಗೆ ಮರಳಿದ. ಬಳಿಕ ಅದನ್ನು ಅದರ ಒಡೆಯನಿಗೇ ಕಳುಹಿಸಿಕೊಟ್ಟ. ಆ ವಿಮಾನಕ್ಕೆ ‘ಕಾಮಗ’ ಎಂಬ ವಿಶೇಷಣವುಂಟು. ಕಾಮದಂತೆ ಗಮಿಸುವುದು ಕಾಮಗ. ಒಡೆಯನ ಮನಸ್ಸು ಎತ್ತ ಹರಿಯುವುದೋ ಅತ್ತ ಸಾಗುವ ವಾಹನ ಎಂದರ್ಥ. ಹೈಸ್ಕೂಲಿನ ಕನ್ನಡ ಪಂಡಿತನಾದ ನಾನು ಈ ಪದವನ್ನು ವಿಗ್ರಹವಾಕ್ಯ ಸಹಿತವಾಗಿ ಎಷ್ಟು ತರಗತಿಗಳಿಗೆ ಬೋಧಿಸಿದ್ದೇನೋ ಲೆಕ್ಕವಿಲ್ಲ.

ಬಹಳ ವರ್ಷಗಳ ಹಿಂದೆ, ಹೀಗೆ ಬೋಧಿಸುತ್ತಿದ್ದ ಒಂದು ಮಧ್ಯಾಹ್ನ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಊರು ಬೆಂಗಳೂರಿನ ಉತ್ತರಕ್ಕೆ, ಜಕ್ಕೂರಿನ ವಿಮಾನ ಶಾಲೆಯ ಬಯಲಿಗೆ ಹತ್ತಿರ. “ಸಾರ್, ಪುಷ್ಪಕ ಇಳಿದದ್ದು ಎಲ್ಲಿ?” ಎಂದು ಕೇಳಿದ. ಭರದ್ವಾಜರ ಆಶ್ರಮದಲ್ಲಿ, ಅನಂತರ ನಂದಿಗ್ರಾಮದಲ್ಲಿ ಎಂದೆ. “ಅದಲ್ಲ ಸಾರ್, ಅಲ್ಲಿ ಕಲ್ಲು, ಗುಂಡಿ, ದನ ಇದ್ದರೆ? ನೆಲ ಸರಿ ಮಾಡಿದವರು ಯಾರು?” ಎಂದ. ತರಗತಿಯೆಲ್ಲ ನಕ್ಕಿತು. ಪಾಠ ಕೆಟ್ಟಿತೆಂದು ನನಗೆ ಸಿಟ್ಟು ಬಂತು. “ದೇವತೆಗಳ ವಿಮಾನಕ್ಕೆ ಇಲ್ಲದ ಚಿಂತೆ ನಿನಗೇಕೆ? ಪಾಠ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲು” ಎಂದು ನಿಲ್ಲಿಸಿಬಿಟ್ಟೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತೆಂದು ನಾನು ತಿಳಿದಿದ್ದೆ. ಅದು ಮುಗಿದಿರಲಿಲ್ಲವೆಂಬುದು ನನಗೆ ಗೊತ್ತಾದದ್ದು ಏಳು ಸಮುದ್ರಗಳ ಆಚೆ, ಅಮೆರಿಕದ ಒಹಾಯೋ ಸೀಮೆಯ ಒಂದು ಹುಲ್ಲುಗಾವಲಿನಲ್ಲಿ. ಆ ವಿಚಾರವನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮಗಳ ಬಾಣಂತನಕ್ಕೆಂದು ನನ್ನ ಮನೆಯವರು ಹೊರಟಾಗ, ಬೇಸಗೆಯ ರಜೆಯಲ್ಲಿ ನಾನೂ ಅವರ ಜೊತೆಗೆ ಹೋದೆ. ಬಾಣಂತಿಯ ಮನೆಯಲ್ಲಿ ಗಂಡಸರಿಗೆ ಕೆಲಸ ಕಡಮೆ, ಬೈಸಿಕೊಳ್ಳುವ ಅವಕಾಶ ಹೆಚ್ಚು. ಅಂಥ ಸಮಯದಲ್ಲಿ ಅದೇ ಹಳೆಯ ಶಿಷ್ಯ ಫೋನು ಮಾಡಿ, “ಸಾರ್, ನಾನು ಎರಡು ಗಂಟೆಯ ದಾರಿಯಲ್ಲಿದ್ದೇನೆ. ನಾಲ್ಕು ದಿನ ನಮ್ಮಲ್ಲಿಗೆ ಬನ್ನಿ. ನನ್ನದೊಂದು ವಿಮಾನದಲ್ಲಿ ಅರ್ಧ ಪಾಲು ಇದೆ” ಎಂದ. ಎತ್ತಿನ ಗಾಡಿಯಲ್ಲಿ ಅರ್ಧ ಪಾಲು, ಬಾವಿಯ ನೀರಿನಲ್ಲಿ ಅರ್ಧ ಪಾಲು ಕೇಳಿದ್ದೆ. ವಿಮಾನದಲ್ಲಿ ಅರ್ಧ ಪಾಲು ಎಂಬುದನ್ನು ಕೇಳಿದ್ದು ಅದೇ ಮೊದಲು. ಹೊರಟುಬಿಟ್ಟೆ.

ಇನ್ನರ್ಧ ಪಾಲು ಅವನ ನೆರೆಯ ರೈತನದು. ಎಂಬತ್ತರ ಸಮೀಪದ ಮುದುಕ. ಶಿಷ್ಯನು ನನ್ನೊಡನೆ ಕನ್ನಡದಲ್ಲಿ ಮಾತನಾಡುವಾಗ ಅವರನ್ನು ‘ಯಜಮಾನರು’ ಎಂದೇ ಕರೆಯುತ್ತಿದ್ದ. ನಾನೂ ಹಾಗೆಯೇ ಕರೆಯುತ್ತೇನೆ. ಮುಸುಕಿನ ಜೋಳ ಒಂದು ಕಡೆ, ಸೋಯಾ ಅವರೆ ಇನ್ನೊಂದು ಕಡೆ. ನಡುವೆ ಪೂರ್ವ ಪಶ್ಚಿಮವಾಗಿ ಸುಮಾರು 2,000 ಅಡಿ ಉದ್ದ, 80 ಅಡಿ ಅಗಲದ ಹುಲ್ಲಿನ ಪಟ್ಟೆ. ಅದರ ತುದಿಯಲ್ಲಿ ತಗಡಿನ ದೊಡ್ಡ ಕೊಟ್ಟಿಗೆ. ಒಂದು ಗಳುವಿನ ನೆತ್ತಿಯಲ್ಲಿ ಕಿತ್ತಳೆ ಬಣ್ಣದ ಬಟ್ಟೆಯ ಚೀಲ, ಗಾಳಿಯ ದಿಕ್ಕು ತೋರಿಸಲು. ಇಷ್ಟೇ ವಿಮಾನ ನಿಲ್ದಾಣ. ಟಿಕೆಟಿಲ್ಲ, ಕಾವಲುಗಾರನಿಲ್ಲ, ಗಾಜಿನ ಗೋಪುರವಿಲ್ಲ.

ಅಮೆರಿಕದಲ್ಲಿ ಇದು ತೀರ ಅಪರೂಪದ ಸಂಗತಿಯಲ್ಲ. ಅಲ್ಲಿ ವಿಮಾನ, ಹೆಲಿಕಾಪ್ಟರುಗಳು ಇಳಿಯುವ ತಾಣಗಳು ಎಲ್ಲ ಸೇರಿ ಇಪ್ಪತ್ತು ಸಾವಿರದ ಸಮೀಪದಲ್ಲಿವೆ. ಸಾರ್ವಜನಿಕರ ಬಳಕೆಗೆಂದು ಇರುವವು ಅವುಗಳಲ್ಲಿ ಸುಮಾರು ಐದು ಸಾವಿರ ಮಾತ್ರ. ಉಳಿದವು ಹೆಚ್ಚಾಗಿ ಖಾಸಗಿಯವು. ತನ್ನ ಜಮೀನಿನಲ್ಲಿ ಇಂಥ ಪಟ್ಟೆ ಮಾಡಿಕೊಳ್ಳುವವನು ವಿಮಾನಯಾನ ಇಲಾಖೆಗೆ ಮುಂಚಿತವಾಗಿ ತಿಳಿಸಬೇಕು. ಬೇರೆ ವಿಮಾನಗಳ ದಾರಿಗೆ ಇದು ಅಡ್ಡವೇ ಎಂಬುದನ್ನು ಅವರು ನೋಡುತ್ತಾರೆ. ಸ್ಥಳೀಯ ಕಟ್ಟಳೆಗಳನ್ನೂ ಪಾಲಿಸಬೇಕು. ಆಮೇಲೆ ಆ ಪಟ್ಟೆಯ ಒಳಿತು ಕೆಡುಕೆಲ್ಲ ಜಮೀನಿನವನದೇ.

ವಿಮಾನವುಳ್ಳವನ ಜೀವನವೆಂದರೆ ಮೋಡಗಳ ನಡುವಿನ ಜೀವನವೆಂದು ನಾನು ಬಗೆದಿದ್ದೆ. ನಾಲ್ಕು ದಿನಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಹುಲ್ಲು ಕೊಯ್ಯುವುದನ್ನು. ಹುಲ್ಲು ಎತ್ತರವಾದರೆ ಚಕ್ರಗಳನ್ನು ಹಿಡಿದೆಳೆಯುತ್ತದೆ. ವಿಮಾನ ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ. ಮಳೆ ಬಿದ್ದು ನೆಲ ಮೆತ್ತಗಾದರೂ ಹಾಗೆಯೇ. ಮಂಜು ಕರಗಿದ ಮೇಲೆ ನೆಲ ಉಬ್ಬಿರುತ್ತದೆ. ಭಾರವಾದ ಉರುಳೆ ಎಳೆದು ಸಮ ಮಾಡಬೇಕು. ಹೆಗ್ಗಣಕ್ಕಿಂತ ದೊಡ್ಡದಾದ, ನೆಲ ತೋಡುವ ಒಂದು ಪ್ರಾಣಿ ಅಲ್ಲಿದೆ. ಅದು ರಾತ್ರಿ ಬೆಳಗಾಗುವುದರೊಳಗೆ ಬಿಲ ಮಾಡಿಬಿಟ್ಟರೆ, ಚಕ್ರ ಅದರಲ್ಲಿ ಸಿಕ್ಕಿ ವಿಮಾನ ಮುಗ್ಗರಿಸುತ್ತದೆ. ಜಿಂಕೆಗಳು ಸಂಜೆಯ ಹೊತ್ತು ಪಟ್ಟೆಯ ಮೇಲೆ ನಿಂತು ಮೇಯುತ್ತವೆ. ಆದ್ದರಿಂದ ಹಾರುವ ಮುನ್ನ ಒಬ್ಬರು ಪಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿ ಬರಬೇಕು. ನಲವತ್ತು ವರ್ಷಗಳಿಂದ ಯಜಮಾನರು ಹಾಗೆ ನಡೆದಿದ್ದಾರೆ. ಮೊದಲ ದಿನ ನಾನೂ ಅವರ ಹಿಂದೆ ನಡೆದೆ. ಹುಡುಗನ ಪ್ರಶ್ನೆ ಆಗ ನೆನಪಿಗೆ ಬಂತು: ನೆಲ ಸರಿ ಮಾಡಿದವರು ಯಾರು?

ಈ ಪ್ರಶ್ನೆ ವಿಮಾನವಿದ್ದಷ್ಟು ಕಾಲದಿಂದಲೂ ಇದೆ. ಎರಡನೆಯ ದಿನ ಶಿಷ್ಯನು ನನ್ನನ್ನು ಕಾರಿನಲ್ಲಿ ಡೇಟನ್ ನಗರದ ಹೊರವಲಯಕ್ಕೆ ಕರೆದೊಯ್ದ. ಅಲ್ಲಿ ಹಫ್‌ಮನ್ ಪ್ರೇರಿ ಎಂಬ ಬಯಲಿದೆ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಕಿಟಿ ಹಾಕ್ ಎಂಬಲ್ಲಿ ಮೊದಲು ಹಾರಿದರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅಂದಿನ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಹಾರುವುದು ಅಂದು ಸಾಧ್ಯವಾಯಿತು, ನಿಜ. ಆದರೆ ತಿರುಗುವುದು, ಸುತ್ತುವುದು, ಹೊರಟಲ್ಲಿಗೇ ಮರಳಿ ಬಂದು ಇಳಿಯುವುದು, ಇವನ್ನೆಲ್ಲ ಅವರು ಕಲಿತದ್ದು ತಮ್ಮ ಊರಿನ ಬಳಿಯ ಈ ಬಯಲಿನಲ್ಲಿ, 1904 ಮತ್ತು 1905ರಲ್ಲಿ. ಅದು ದನ ಕುದುರೆ ಮೇಯುತ್ತಿದ್ದ 84 ಎಕರೆ ಹುಲ್ಲುಗಾವಲು. ಅದರ ಒಡೆಯ ಡೇಟನ್ನಿನ ಒಬ್ಬ ಬ್ಯಾಂಕಿನ ಸಾಹುಕಾರ, ಟೊರೆನ್ಸ್ ಹಫ್‌ಮನ್. ಬಾಡಿಗೆ ಬೇಡವೆಂದನಂತೆ. ಹಾರುವ ಮುನ್ನ ದನ ಕುದುರೆಗಳನ್ನು ಬೇಲಿಯಾಚೆಗೆ ಹೊಡೆದುಬಿಡಿ ಎಂಬುದೊಂದೇ ಅವನು ಹಾಕಿದ ಷರತ್ತು. ಅಣ್ಣತಮ್ಮಂದಿರು ತಾವೇ ಹುಲ್ಲು ಕೊಯ್ದು, ಷೆಡ್ಡು ಕಟ್ಟಿ, ದನ ಅಟ್ಟಿ, ಆಮೇಲೆ ಹಾರಿದರು. 1904ರ ಸೆಪ್ಟೆಂಬರ್ 20ರಂದು ಮೊದಲ ಬಾರಿ ಪೂರ್ತಿ ಒಂದು ಸುತ್ತು ತಿರುಗಿದರು. 1905ರ ಅಕ್ಟೋಬರ್ 5ರಂದು 39 ನಿಮಿಷಗಳಲ್ಲಿ 24 ಮೈಲಿ ಹಾರಿದರು. ಲೋಕವೆಲ್ಲ ಇಂದು ಹಾರಾಡುವ ವಿದ್ಯೆ ಪಳಗಿದ್ದು, ದನಗಳು ತೆರವು ಮಾಡಿಕೊಟ್ಟ ಒಂದು ಗೋಮಾಳದಲ್ಲಿ. ಆ ಹುಲ್ಲಿನ ಮೇಲೆ ನಿಂತು ನಾನು ಶಿಷ್ಯನಿಗೆ, “ನಿನ್ನನ್ನು ಅಂದು ಬೆಂಚಿನ ಮೇಲೆ ನಿಲ್ಲಿಸಬಾರದಾಗಿತ್ತಪ್ಪ” ಎಂದೆ. ಅವನು ನಕ್ಕು, “ಪರವಾಗಿಲ್ಲ ಸಾರ್, ಬೆಂಚಿನ ಮೇಲಿನಿಂದ ಕಿಟಕಿ ಚೆನ್ನಾಗಿ ಕಾಣುತ್ತಿತ್ತು” ಎಂದ.

ಅವರ ವಿಮಾನದ ವಿಷಯಕ್ಕೆ ಬರುತ್ತೇನೆ. ಅದು ಏರೋಂಕಾ ಚೀಫ್ ಎಂಬ ಎರಡು ಆಸನದ ಪುಟ್ಟ ವಿಮಾನ. ಅದೇ ಒಹಾಯೋದ ಮಿಡ್ಲ್‌ಟೌನ್ ಎಂಬ ಊರಿನಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ತಯಾರಾದದ್ದು. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಿಗಿದು ಬಣ್ಣ ಹೊಡೆದ ಬಟ್ಟೆ, 65 ಕುದುರೆ ಬಲದ ಎಂಜಿನು. ಬ್ಯಾಟರಿ ಇಲ್ಲದ್ದರಿಂದ, ಮೂತಿಯ ಪ್ರೊಪೆಲರನ್ನು ಕೈಯಿಂದ ಸೆಳೆದು ತಿರುಗಿಸಿಯೇ ಎಂಜಿನನ್ನು ಎಬ್ಬಿಸಬೇಕು. ವಿಮಾನ, ಜನ, ಪೆಟ್ರೋಲು ಎಲ್ಲ ಸೇರಿ 1,250 ಪೌಂಡು ಮೀರುವಂತಿಲ್ಲ. ಹಾಗಾಗಿ ಶಿಷ್ಯನು ಬಹಳ ಸಂಕೋಚದಿಂದ ನನ್ನ ತೂಕ ಕೇಳಿದ. ಮಗಳ ಮನೆಯ ಬಾಣಂತಿ ಅಡಿಗೆಯಲ್ಲಿ ನನಗೂ ಪಾಲು ದೊರೆತಿದ್ದರಿಂದ ನಿಜ ಹೇಳಲು ನಾನೂ ಸಂಕೋಚಪಟ್ಟೆ. ಅವನು ಬಚ್ಚಲಿನ ತೂಕದ ಯಂತ್ರ ತಂದಿಟ್ಟ.

ಆ ವಿಮಾನವನ್ನು ಬೆರಳಿನಿಂದ ತೋರಿಸಿ ಅವನು ಹೇಳಿದ ಮಾತು ನನ್ನನ್ನು ಬೆರಗುಗೊಳಿಸಿತು. ಇದೇ ಚೀಫ್ ವಿಮಾನದ ವಿನ್ಯಾಸವನ್ನು ಆಧಾರವಾಗಿ ಇಟ್ಟುಕೊಂಡು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು 90 ಕುದುರೆ ಬಲದ ಎಂಜಿನನ್ನಿಟ್ಟು ಒಂದು ಪುಟ್ಟ ವಿಮಾನವನ್ನು ಮಾಡಿದರು. 1958ರ ಸೆಪ್ಟೆಂಬರ್ 28ರಂದು ಅದು ಮೊದಲ ಬಾರಿ ಹಾರಿತು. ನಮ್ಮ ದೇಶದ ಹಾರಾಟ ಸಂಘಗಳಿಗಾಗಿ ಅಂಥವನ್ನು ನೂರೈವತ್ತಕ್ಕೂ ಮಿಕ್ಕಿ ಕಟ್ಟಿದರು. ಎಷ್ಟೋ ತರುಣರು ಹಾರಲು ಕಲಿತದ್ದು ಅದರಲ್ಲಿಯೇ. ಅದಕ್ಕೆ ಇಟ್ಟ ಹೆಸರು ‘ಪುಷ್ಪಕ’! ಒಹಾಯೋದ ಹುಲ್ಲಿನ ಮೇಲೆ ನಿಂತಿದ್ದ ಆ ಬಟ್ಟೆಯ ಹಕ್ಕಿ ನಮ್ಮ ಪುಷ್ಪಕದ ಅಕ್ಕನೇ ಸರಿ. ಅದರ ರೆಕ್ಕೆಯನ್ನು ಮುಟ್ಟಿದಾಗ ನನಗೆ ನೆಂಟರ ಮನೆಗೆ ಬಂದಂತಾಯಿತು.

ಆದರೆ ಹೆಸರು ಒಂದೇ ಆದರೂ ಗುಣ ಒಂದೇ ಅಲ್ಲ. ಈ ಪುಷ್ಪಕ ಕಾಮಗವಲ್ಲ. ಮೂರನೆಯ ದಿನ ನನ್ನನ್ನು ಮೇಲಕ್ಕೆ ಕರೆದೊಯ್ಯುವುದೆಂದು ಗೊತ್ತಾಗಿತ್ತು. ಬೆಳಿಗ್ಗೆ ಐದಕ್ಕೇ ಸ್ನಾನ ಮುಗಿಸಿ ಸಿದ್ಧನಾದೆ. ಹಳ್ಳದ ಕಡೆಯಿಂದ ಮಂಜು ಹೊಲವನ್ನೆಲ್ಲ ಮುಸುಕಿತ್ತು. ಒಂಬತ್ತಕ್ಕೆ ಮಂಜು ಹರಿಯಿತು. ಆದರೆ ಹರಿದೊಡನೆ ಗಾಳಿ ಎದ್ದಿತು, ಅದೂ ದಕ್ಷಿಣದಿಂದ, ಪಟ್ಟೆಗೆ ಅಡ್ಡಲಾಗಿ. ಹಗುರವಾದ ವಿಮಾನ ಎದುರುಗಾಳಿಯನ್ನು ಮೆಚ್ಚುತ್ತದೆ, ಅಡ್ಡಗಾಳಿಯನ್ನು ಸಹಿಸದು. ಮಧ್ಯಾಹ್ನ ಉತ್ತ ಹೊಲ ಕಾದು ಗಾಳಿ ಮೇಲೇಳುತ್ತದೆ; ಆಗ ವಿಮಾನ ಎತ್ತಿನ ಗಾಡಿ ಕಲ್ಲಿನ ಮೇಲೆ ಹೋದಂತೆ ಕುಲುಕುತ್ತದೆ. ಕಾದ ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೂ ಎಂಜಿನಿಗೂ ಬಲ ಕಡಮೆ. ಹೀಗೆ ಕೊಟ್ಟಿಗೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಆ ಕಿತ್ತಳೆ ಚೀಲವನ್ನು ನೋಡುತ್ತ ಸಂಜೆಯವರೆಗೆ ಕುಳಿತೆವು. ಕೊನೆಗೆ ಗಾಳಿ ತಗ್ಗಿದಾಗ ಶಿಷ್ಯ ಒಬ್ಬನೇ ಏರಿ, ಮೂರು ಬಾರಿ ಹಾರಿ, ಮೂರು ಬಾರಿ ಇಳಿದು ಪೂರ್ತಿ ನಿಲ್ಲಿಸಿದ. ಅಷ್ಟರಲ್ಲಿ ಕತ್ತಲಾಗಿತ್ತು. ಇನ್ನೊಬ್ಬರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಅಂಥ ಮೂರು ಹಾರಾಟಗಳನ್ನು ಮಾಡಿರಬೇಕೆಂಬುದು ಅಲ್ಲಿಯ ನಿಯಮ. “ನಾಳೆ ಯಜಮಾನರೇ ನಿಮ್ಮನ್ನು ಕರೆದೊಯ್ಯುತ್ತಾರೆ ಸಾರ್, ನಾನೂ ನಿಯಮಕ್ಕೆ ಸರಿಯಾಗಿರಲಿ ಎಂದು ಮಾಡಿದೆ” ಎಂದ.

ನಿಯಮಗಳು ಇನ್ನೂ ಇವೆ. ಹದಿನಾರು ತುಂಬದೆ ಒಬ್ಬನೇ ಹಾರುವಂತಿಲ್ಲ. ಹದಿನೇಳು ತುಂಬದೆ ಖಾಸಗಿ ವಿಮಾನ ಚಾಲಕನ ಲೈಸೆನ್ಸಿಲ್ಲ. ಅದಕ್ಕೆ ಕಡಮೆಯೆಂದರೆ 40 ಗಂಟೆಗಳ ಹಾರಾಟ ಆಗಿರಬೇಕು. ಲಿಖಿತ ಪರೀಕ್ಷೆಯ ಜೊತೆಗೆ ಬಾಯಿಮಾತಿನ ಪರೀಕ್ಷೆ, ಹಾರಿಸಿ ತೋರಿಸುವ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ಒಬ್ಬ ಶಿಕ್ಷಕನ ಮುಂದೆ ಮತ್ತೆ ಹಾರಿ ತೋರಿಸಬೇಕು. ನಾವು ಮೇಷ್ಟರುಗಳು ಒಮ್ಮೆ ಪಾಸಾದರೆ ನಿವೃತ್ತಿಯವರೆಗೆ ನಮ್ಮನ್ನು ಕೇಳುವವರಿಲ್ಲ. ಅದು ನೆನಪಾಗಿ ಸುಮ್ಮನಾದೆ. ವಿಮಾನವನ್ನೂ ವರ್ಷಕ್ಕೊಮ್ಮೆ ಬಿಚ್ಚಿ ಪರೀಕ್ಷಿಸಿ, ಅಧಿಕಾರವುಳ್ಳ ಮೆಕ್ಯಾನಿಕ್ ಸಹಿ ಹಾಕಬೇಕು. ಬಾಡಿಗೆಗೆ ಜನರನ್ನು ಕೂರಿಸುವಂತಿಲ್ಲ. ಇಷ್ಟೆಲ್ಲ ಮಾಡಿ ಹೋಗುವುದಾದರೂ ಎಲ್ಲಿಗೆ? ಐವತ್ತು ಮೈಲಿಯಾಚೆಯ ಇನ್ನೊಂದು ಹುಲ್ಲುಪಟ್ಟೆಗೆ, ಬೆಳಗಿನ ತಿಂಡಿಗೆ! ಹಾರುವವರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಇದನ್ನು ‘ನೂರು ಡಾಲರಿನ ಹ್ಯಾಂಬರ್ಗರ್’ ಎನ್ನುತ್ತಾರೆ. ಧರ್ಮಸ್ಥಳದ ಊಟಕ್ಕೆಂದು ಟ್ಯಾಕ್ಸಿ ಮಾಡಿಕೊಂಡು ಹೋಗುವ ನಾವು ನಗಬೇಕಾದ್ದಿಲ್ಲ.

ಈ ಎಲ್ಲ ನಿಯಮಗಳಲ್ಲಿ ಒಂದು ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿದೆ. ಸಾಮಾನ್ಯವಾಗಿ ಹಾರುವವನಿಗೆ ವೈದ್ಯರ ಪ್ರಮಾಣಪತ್ರ ಬೇಕು. ಆದರೆ ತೀರ ಹಗುರವಾದ ವಿಮಾನಗಳನ್ನು ಹಗಲಿನಲ್ಲಿ, ಒಬ್ಬರನ್ನು ಮಾತ್ರ ಕೂರಿಸಿಕೊಂಡು ಹಾರಿಸುವವರಿಗೆ 2004ರಲ್ಲಿ ಒಂದು ಸಡಿಲಿಕೆ ಬಂತು. ಅವರಿಗೆ ಕಾರಿನ ಲೈಸೆನ್ಸು ಇದ್ದರೆ ಸಾಕು. ಜೊತೆಗೆ ಒಂದು ಸಣ್ಣ ವಾಕ್ಯವಿದೆ: ತನ್ನ ದೇಹಸ್ಥಿತಿ ಹಾರಲು ತಕ್ಕುದಲ್ಲವೆಂದು ತಿಳಿದವನು ಹಾರಕೂಡದು. ತಿಳಿಯಬೇಕಾದವನು ಯಾರು? ಅವನೇ. ಅದನ್ನು ನೋಡಲು ಯಾವ ಅಧಿಕಾರಿಯೂ ಹೊಲದಂಚಿಗೆ ಬಂದು ನಿಲ್ಲುವುದಿಲ್ಲ.

ನಾಲ್ಕನೆಯ ದಿನ ಬೆಳಗು ಬಹಳ ಚೆನ್ನಾಗಿತ್ತು. ಚೀಲ ಗಳುವಿಗೆ ಅಂಟಿಕೊಂಡು ಜೋತುಬಿದ್ದಿತ್ತು. ಯಜಮಾನರು ಪಟ್ಟೆ ನಡೆದು ಬಂದರು. ವಿಮಾನದ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದು, ರೆಕ್ಕೆಯ ಕೀಲುಗಳನ್ನು ಅಲುಗಿಸಿ, ಎಣ್ಣೆ ನೋಡಿ, ಪೆಟ್ರೋಲು ನೋಡಿದರು. ಬಾಗಿಲಿನ ಬಳಿ ನಿಂತರು. ಒಂದು ಕಾಲು ಎತ್ತಿ ಒಳಗಿಟ್ಟವರು ಹಾಗೆಯೇ ತಡೆದರು. ಬಹಳ ಹೊತ್ತು ಪಟ್ಟೆಯ ಆಚೆ ತುದಿಯನ್ನೇ ನೋಡಿದರು. ಅಲ್ಲಿ ರಸ್ತೆಯಂಚಿಗೆ ವಿದ್ಯುತ್ತಿನ ತಂತಿಗಳಿದ್ದವು. ಆಮೇಲೆ ಕಾಲು ಹಿಂದಕ್ಕೆ ತೆಗೆದು, ಶಿಷ್ಯನ ಕಡೆ ತಿರುಗಿ, ಮೆಲ್ಲಗೆ ಏನೋ ಹೇಳಿದರು.

ಶಿಷ್ಯನ ಮುಖ ಬಾಡಿತು. ಅವನು ನನಗೆ ಕನ್ನಡದಲ್ಲಿ ಹೇಳಿದ: “ಸಾರ್, ಎರಡು ವಾರದಿಂದ ಇವರಿಗೆ ಬೆಳಗಿನ ಹೊತ್ತು ಆ ತಂತಿ ಎರಡಾಗಿ ಕಾಣುತ್ತಿದೆಯಂತೆ. ಇವತ್ತೂ ಹಾಗೆಯೇ ಕಂಡಿತಂತೆ. ಇನ್ನು ಮೇಲೆ ತಾನು ಹಾರಿಸುವುದಿಲ್ಲ ಎನ್ನುತ್ತಿದ್ದಾರೆ.”

ಕೊಟ್ಟಿಗೆಯ ಬಾಗಿಲಲ್ಲಿ ಅವರ ಹೆಂಡತಿ ಕಾಫಿಯ ಫ್ಲಾಸ್ಕು ಹಿಡಿದು ನಿಂತಿದ್ದರು. ಅವರು ಏನೂ ಮಾತನಾಡಲಿಲ್ಲ. ಶಿಷ್ಯನು ಸಮಾಧಾನಕ್ಕೆಂದು, “ಕಣ್ಣಿನ ಡಾಕ್ಟರಿಗೆ ತೋರಿಸೋಣ, ಸರಿಹೋಗಬಹುದು” ಎಂದನಂತೆ. “ತೋರಿಸೋಣ. ಆದರೆ ಇವತ್ತಿನ ಉತ್ತರ ಡಾಕ್ಟರು ಹೇಳಬೇಕಾದ್ದಲ್ಲ” ಎಂದರಂತೆ ಯಜಮಾನರು. ನಾನಂತೂ, “ಹಾರಾಟ ಬೇಡವೇ ಬೇಡ, ಮನೆಗೆ ಹೋಗೋಣ” ಎಂದೆ. ಅದನ್ನು ಅವರು ಒಪ್ಪಲಿಲ್ಲ. ಅಷ್ಟು ದೂರದಿಂದ ಬಂದ ಮೇಷ್ಟರು ನೆಲದ ಮೇಲೆಯೇ ಉಳಿದರೆ ತನ್ನ ಹುಲ್ಲಿಗೆ ಅವಮಾನ ಎಂದರಂತೆ. ನನ್ನನ್ನು ಬಲಗಡೆಯ ಆಸನದಲ್ಲಿ ಕೂರಿಸಿ, ಪಟ್ಟಿ ಬಿಗಿದರು. ತಾವು ಎಡಗಡೆಯ ಆಸನದಲ್ಲಿ ಕುಳಿತು, ಬ್ರೇಕನ್ನು ಹಿಮ್ಮಡಿಯಿಂದ ಅದುಮಿ ಹಿಡಿದರು. ಶಿಷ್ಯನು ಮುಂದೆ ನಿಂತು ಪ್ರೊಪೆಲರನ್ನು ಸೆಳೆದ. ಮೂರನೆಯ ಸೆಳೆತಕ್ಕೆ ಎಂಜಿನು ಎದ್ದಿತು. ಯಜಮಾನರು ಒಂದು ನಿಮಿಷ ಹಾಗೆಯೇ, ಚುಕ್ಕಾಣಿಯ ಮೇಲೆ ಎರಡು ಕೈಯೂ ಇಟ್ಟು, ಎಂಜಿನಿನ ಸದ್ದನ್ನು ಕೇಳುತ್ತ ಕುಳಿತಿದ್ದರು. ಆ ಒಂದು ನಿಮಿಷ ಅವರ ಪಕ್ಕದಲ್ಲಿ ಕುಳಿತಿದ್ದವನು ನಾನೊಬ್ಬನೇ. ಬಳಿಕ ಇಳಿದು, ರೆಕ್ಕೆಯ ಹಿಂಬದಿಯಿಂದ ಸುತ್ತಿಕೊಂಡು ದೂರ ಹೋಗಿ ನಿಂತರು. ಅವರ ಆಸನದಲ್ಲಿ ಶಿಷ್ಯ ಬಂದು ಕುಳಿತ.

ಹಾರಿದ್ದು ಇಪ್ಪತ್ತು ನಿಮಿಷ. ವಿಮಾನ ನೆಲ ಬಿಟ್ಟದ್ದೇ ನನಗೆ ತಿಳಿಯಲಿಲ್ಲ. ಕುಲುಕಾಟ ನಿಂತಿತು, ಅಷ್ಟೆ. ಎಳೆಯ ಜೋಳದ ಸಾಲುಗಳು ಕಾಪಿ ಪುಸ್ತಕದ ಗೆರೆಗಳಂತೆ ಕಂಡವು. ಎದೆ ಹೊಡೆದುಕೊಳ್ಳುತ್ತಿತ್ತು, ಸುಳ್ಳು ಹೇಳಲಾರೆ. ಆದರೂ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಕೆಳಗೆ, ಆ ಹಸುರು ಪಟ್ಟೆಯ ಕಡೆಗೆ. ಅದು ಅಷ್ಟೆತ್ತರದಿಂದ ಒಂದು ಬೆರಳಿನಷ್ಟಿತ್ತು. ಅದರ ಅಂಚಿನಲ್ಲಿ ಒಂದು ಚುಕ್ಕೆಯಷ್ಟು ಮನುಷ್ಯ. ನಾವು ತಿರುಗಿ ಬಂದು ಇಳಿಯುವವರೆಗೂ ಆ ಚುಕ್ಕೆ ಕದಲಲಿಲ್ಲ.

ನಾನು ಪಂಡಿತ, ಪದಗಳನ್ನು ಬಿಡಿಸಿ ನೋಡುವುದು ನನ್ನ ಚಾಳಿ. ಸ್ವಂತ ವಿಮಾನ, ಸ್ವಂತ ಬಯಲು ಇದ್ದವನಿಗಿಂತ ಸ್ವತಂತ್ರನಾರು ಎಂದುಕೊಂಡೇ ನಾನು ಅಲ್ಲಿಗೆ ಹೋದದ್ದು. ಸ್ವತಂತ್ರ ಎಂದರೇನು? ಸ್ವ ಎಂದರೆ ತಾನು, ತಂತ್ರ ಎಂದರೆ ಕಟ್ಟಳೆ. ತನಗೆ ತಾನೇ ಕಟ್ಟಳೆಯಾದವನು ಸ್ವತಂತ್ರ. ಕಟ್ಟಳೆಯೇ ಇಲ್ಲದವನು ಎಂಬ ಅರ್ಥ ಆ ಪದದಲ್ಲಿ ಎಲ್ಲಿಯೂ ಇಲ್ಲ. ಇದನ್ನೂ ನಾನು ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ. ಆದರೆ ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದ ಆ ಮುದುಕರನ್ನು ನೋಡಿದ ಮೇಲೆ ನನಗೆ ಅದರ ಅರ್ಥವಾಯಿತು. ಪುಷ್ಪಕ ಮನಸ್ಸು ಹರಿದತ್ತ ಹರಿಯಿತು. ರಾವಣನನ್ನೂ ಹೊತ್ತಿತು, ರಾಮನನ್ನೂ ಹೊತ್ತಿತು. ಹೊಲದಂಚಿನ ಈ ಪುಷ್ಪಕ ಹಾಗಲ್ಲ. ಮನಸ್ಸು ಹರಿದಾಗಲೂ ನಿಲ್ಲಬಲ್ಲವನಿಗೆ ಮಾತ್ರ ಅದು ಒಲಿಯುತ್ತದೆ.

ಇತ್ತೀಚೆಗೆ ಶಿಷ್ಯನ ಫೋನು ಬಂದಿತ್ತು. ಯಜಮಾನರ ಕಣ್ಣಿಗೆ ಚಿಕಿತ್ಸೆ ನಡೆಯುತ್ತಿದೆ. ವಿಮಾನದಲ್ಲಿ ಅವರು ಈಗ ಬಲಗಡೆಯ ಆಸನದಲ್ಲಿ ಕೂರುತ್ತಾರಂತೆ. ಹುಲ್ಲು ಕೊಯ್ಯುವ ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲವಂತೆ.

ಈ ವರ್ಷ ಹತ್ತನೆಯ ತರಗತಿಗೆ ಪುಷ್ಪಕದ ಪ್ರಸಂಗವನ್ನು ಹೇಳುವಾಗ, ಪಾಠವನ್ನು ನಡುವೆಯೇ ನಿಲ್ಲಿಸಿ ನಾನೇ ಕೇಳಿದೆ: “ಮಕ್ಕಳೇ, ಅದು ಇಳಿದ ನೆಲವನ್ನು ಸರಿ ಮಾಡಿದವರು ಯಾರು?” ತರಗತಿ ನಗಲಿಲ್ಲ. ಉತ್ತರ ಬರಲಿ ಎಂದು ನಾನು ಕಾದು ನಿಂತೆ.